ದೊಡ್ಡ ಗ್ಯಾಲಕ್ಸಿಯ ಪಕ್ಕದಲ್ಲಿ

ಮೂವತ್ತು ವರ್ಷ ವಿಜ್ಞಾನ ಕಲಿಸಿದ ನನ್ನನ್ನು ಯಾರಾದರೂ ತಿದ್ದಿದರೆ ಮೈಯೆಲ್ಲ ಉರಿಯುತ್ತಿತ್ತು. ಅಂಥವನ ಕೈಕೆಳಗೆ ೧೯೮೨ರಲ್ಲಿ ಖುರ್ಷೀದಾ ತಾತ್ಕಾಲಿಕ ಟೀಚರಾಗಿ ಬಂದಳು. ಕೊಟ್ಟಿಗೆಹಾರದ ಲಾರಿ ಮೆಕ್ಯಾನಿಕ್ ರಜಾಕನ ಮಗಳು. ನಮ್ಮದು ಜಾವಳಿ ಕಡೆಯ ಖಾಸಗಿ ಹೈಸ್ಕೂಲು. ಅವಳ ಕೆಲಸ ಖಾಯಂ ಆಗಬೇಕಾದರೆ ಕಮಿಟಿಯ ಅಧ್ಯಕ್ಷರ ಮುಂದೆ ಒಂದು ಪಾಠ ಮಾಡಿ ಮೆಚ್ಚಿಸಬೇಕಿತ್ತು. ಆರು ತಿಂಗಳಿಂದ ನಾನು ಅವಳ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ನಡುನಡುವೆ ಬಾಯಿ ಹಾಕುತ್ತಿದ್ದೆ. ಅದನ್ನು ಮಾರ್ಗದರ್ಶನ ಎಂದುಕೊಂಡಿದ್ದೆ.

ದೊಡ್ಡ ಗ್ಯಾಲಕ್ಸಿಗಳನ್ನು ಸುತ್ತುವ ಪುಟ್ಟ ಗ್ಯಾಲಕ್ಸಿಗಳ ವಿಷಯವನ್ನು ಅವಳು ಆರಿಸಿಕೊಂಡಳು. ಹೋಲಿಕೆ ನಾನು ಕೊಟ್ಟೆ: ಮರದ ನೆರಳಿನಲ್ಲಿ ಕಾಫಿ ಗಿಡ ಬರುವಂತೆ, ದೊಡ್ಡದರ ಆಸರೆಯಲ್ಲಿ ಪುಟ್ಟದು ಬೆಳೆಯುತ್ತದೆ. ಕಾಫಿ ಸೀಮೆಯವರಿಗೆ ಬೇರೆ ಹೇಗೆ ಹೊಳೆದೀತು?

ಪಾಠದ ದಿನ ಅವಳು ಆ ಹೋಲಿಕೆಯಿಂದಲೇ ಶುರು ಮಾಡಿದಳು. ಅಧ್ಯಕ್ಷ ಚಂದ್ರಶೇಖರಪ್ಪನವರು ತೋಟದ ಮಾಲೀಕರು, ತಲೆದೂಗಿದರು.

"ಚೆನ್ನಾಗ್ ಹೇಳಿದ್ರಿ ಕಣಮ್ಮ. ನೆರಳಿಲ್ದೆ ಕಾಫಿ ಎಲ್ಲಿ ಬರುತ್ತೆ."

ಅಲ್ಲಿಗೆ ಬಿಟ್ಟಿದ್ದರೆ ಕೆಲಸ ಅವಳದೇ. ಬಿಡಲಿಲ್ಲ.

"ಆದ್ರೆ ಅದು ತಪ್ಪು ಸರ್. ನಿನ್ನೆ ಒಂದು ವಿಜ್ಞಾನ ಪತ್ರಿಕೆ ಓದಿದ್ಮೇಲೆ ಗೊತ್ತಾಯ್ತು. ದೊಡ್ಡ ಗ್ಯಾಲಕ್ಸಿ ಸುತ್ತ ಬಿಸಿ ಅನಿಲ ಇರುತ್ತಂತೆ. ಅದ್ರೊಳಗೆ ಓಡೋ ಪುಟ್ಟದರ ಅನಿಲನೆಲ್ಲ ಅದು ಗುಡಿಸಿ ಹಾಕುತ್ತೆ. ಅನಿಲ ಹೋದ್ರೆ ಹೊಸ ನಕ್ಷತ್ರ ಹುಟ್ಟಲ್ಲ. ದೂರ ಇರೋ ಪುಟ್ಟವುಗಳಲ್ಲಿ ಹೆಚ್ಚಿನವಕ್ಕೆ ಅನಿಲ ಉಳಿದಿದೆ. ಅಲ್ಲಿ ಈಗ್ಲೂ ನಕ್ಷತ್ರ ಹುಟ್ತಾ ಇವೆ."

ಅಧ್ಯಕ್ಷರ ಮುಖ ಗಂಟಾಯಿತು. "ಮತ್ತೆ ಆ ನೆರಳಿನ ಮಾತು ಯಾರ್ದು?"

"ನಂದೇ ಸರ್," ಎಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಎಂಥ ಹುಡುಗಿ ಅನ್ನಿಸಿತು. ಸತ್ಯಕ್ಕಾಗಿ ಕೆಲಸವನ್ನೇ ಪಣಕ್ಕಿಟ್ಟವಳು, ನನ್ನ ಮರ್ಯಾದೆ ಉಳಿಸಲು ಒಂದು ಸುಳ್ಳನ್ನೂ ಹೇಳಿದ್ದಳು. ಆ ದೊಡ್ಡ ಗ್ಯಾಲಕ್ಸಿಯಂತೆ ಅವಳ ತರಗತಿಯಲ್ಲಿ ಕೂತು ಇಷ್ಟು ದಿನ ನಾನು ಗುಡಿಸಿ ಹಾಕಿದ್ದೇನು ಎಂದು ನೆನೆದು ನಾಚಿಕೆಯಾಯಿತು. ಎದ್ದು ನಿಂತೆ.

"ಅವ್ರದ್ದಲ್ಲ, ನಂದು. ಹೇಳ್ಕೊಟ್ಟಿದ್ದು ನಾನು, ತಿದ್ದಿದ್ದು ಅವ್ರು."

ಚಂದ್ರಶೇಖರಪ್ಪನವರು ನನ್ನ ಕಡೆ ತಿರುಗಿದರು. "ನಿಮ್ಮನ್ನೇ ತಿದ್ದೋರು ಸಿಕ್ಕಿದ್ರಲ್ಲ, ಇವ್ರನ್ನ ಖಾಯಂ ಮಾಡೋಣ ಶೇಷಪ್ಪನವ್ರೇ. ಮುಂದುವರಿಸಮ್ಮ."

ನಾನು ಮತ್ತೆ ಬೆಂಚಿನಲ್ಲಿ ಕೂರಲಿಲ್ಲ. ಹೊರಗೆ ಬಂದು ಜಗಲಿಯ ಕಂಬಕ್ಕೆ ಒರಗಿ, ಅವಳ ಪಾಠವನ್ನು ಮೊದಲ ಸಲ ಕೊನೆಯವರೆಗೂ ಕೇಳಿದೆ.