ದೊರೆಯ ಆಪರೇಷನ್

ಎದುರುಮನೆಯ ಟೀಚರಮ್ಮ ಬುಟ್ಟಿಯೊಂದನ್ನು ತಂದು ಟೈಲರನ ಮೇಜಿನ ಮೇಲೆ ಕುಕ್ಕಿದರು. ಒಳಗೆ ಅವರ ಹೆಣ್ಣುನಾಯಿ ಹೆತ್ತ ಐದು ಮರಿಗಳು. ಐದಕ್ಕೂ ಒಂದು ಕಿವಿ ಬಿಳಿ, ಇನ್ನೊಂದು ಕಪ್ಪು.

"ನಿಮ್ಮ ಮೊಮ್ಮಕ್ಕಳು. ಅಲ್ಲ ಅಂತ ಹೇಳಿ ನೋಡೋಣ."

ಟೈಲರ್ ಹೊಲಿಗೆ ಮಿಷನ್ನಿನ ಕೆಳಗೆ ಮಲಗಿದ್ದ ತನ್ನ ನಾಯಿಯತ್ತ ನೋಡಿದ. ದೊರೆ ಎಂಬ ಹೆಸರಿನ ಆ ನಾಯಿ ಬಿಳಿ ಕಿವಿಯನ್ನು ಕೆರೆದುಕೊಂಡು, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಆಕಳಿಸಿತು.

ಐದು ಮರಿಗಳಿಗೂ ಮನೆ ಹುಡುಕುವಷ್ಟರಲ್ಲಿ ಟೈಲರನ ಹೆಂಡತಿಗೆ ಸಾಕುಬೇಕಾಗಿ ಹೋಯಿತು. "ಸೋಮವಾರ ದೊರೆಗೆ ಆಪರೇಷನ್ ಮಾಡಿಸ್ತೀನಿ," ಎಂದಳು.

"ಪಾಪ ಕಣೇ, ಗಂಡು ಜೀವ."

"ಅದಕ್ಕೇ ಮಾಡಿಸ್ತಿರೋದು. ನೀವ್ಯಾಕೆ ಹಾಗೆ ಮುದುಡ್ಕೊಂಡು ಕೂತ್ರಿ? ನಿಮಗಲ್ಲ ಬಿಡಿ."

ಮೊದಲ ಸೋಮವಾರ ಟೈಲರನಿಗೆ ಯಾರದೋ ಅರ್ಜೆಂಟು ಕೋಟು. ಎರಡನೆಯ ಸೋಮವಾರ ದೊರೆಗೆ ನೆಗಡಿಯಂತೆ. ಮೂರನೆಯದಕ್ಕೆ ಸ್ವತಃ ಟೈಲರನಿಗೇ ಸೊಂಟ ಹಿಡಿಯಿತು. ನಾಲ್ಕನೆಯ ಸೋಮವಾರ ಹೆಂಡತಿ ಅಂಗಡಿಗೆ ಬೀಗ ಜಡಿದು, ಒಂದು ಕೈಯಲ್ಲಿ ನಾಯಿಯನ್ನೂ ಇನ್ನೊಂದರಲ್ಲಿ ಗಂಡನನ್ನೂ ಹಿಡಿದು ಹೊರಟಳು.

ದೊರೆ ಬಾಲ ಅಲ್ಲಾಡಿಸುತ್ತಲೇ ಆಸ್ಪತ್ರೆಯೊಳಗೆ ಹೋಯಿತು. ಡಾಕ್ಟರಮ್ಮ ಇಂಜೆಕ್ಷನ್ ತೆಗೆದದ್ದೇ ತಡ, ದಿನವಿಡೀ ಸೂಜಿಯ ಜೊತೆಗೇ ಬದುಕುವ ಟೈಲರನಿಗೆ ಕಣ್ಣು ಕತ್ತಲೆ ಬಂತು. ಅವರು ನಾಯಿಯನ್ನು ಬಿಟ್ಟು ಮೊದಲು ಇವನ ಮುಖಕ್ಕೆ ನೀರು ಚಿಮುಕಿಸಬೇಕಾಯಿತು.

"ಆಪರೇಷನ್ ಯಾರಿಗೆ ಅಂತ ಇನ್ನೊಂದ್ಸಲ ಹೇಳಿಬಿಡಿ," ಎಂದರು ಡಾಕ್ಟರಮ್ಮ.

ಟೈಲರ್ ಸುಧಾರಿಸಿಕೊಂಡು ಎದ್ದು ಕೂರುವಷ್ಟರಲ್ಲಿ ದೊರೆಯ ಕೆಲಸ ಮುಗಿದಿತ್ತು. ಗಾಯ ನೆಕ್ಕಬಾರದೆಂದು ಅದರ ಕೊರಳಿಗೆ ಆಲಿಕೆಯಂಥ ಪ್ಲಾಸ್ಟಿಕ್ಕಿನ ದೊಡ್ಡ ಪಟ್ಟಿ ಕಟ್ಟಿ ಕಳಿಸಿದರು. ಮನೆಯಲ್ಲಿ ಅದು ಬಾಗಿಲಿಗೆ, ಮಂಚಕ್ಕೆ, ಹೆಂಡತಿಯ ಮೊಣಕಾಲಿಗೆ ಡಿಕ್ಕಿ ಹೊಡೆದು, ಕೊನೆಗೆ ಮೂಲೆ ಹಿಡಿದು ಕುಂಯ್‌ಗುಟ್ಟಿತು. ಟೈಲರ್ ಟೇಪು ಹಿಡಿದು ದೊರೆಯ ಸೊಂಟ, ತೊಡೆ ಅಳೆದ. ತನ್ನ ಹಳೆಯ ಪೈಜಾಮ ಕತ್ತರಿಸಿ, ಬಾಲಕ್ಕೊಂದು ತೂತು ಬಿಟ್ಟು, ಬೆನ್ನ ಮೇಲೆ ಲಾಡಿ ಕಟ್ಟುವಂಥ ಚಡ್ಡಿ ಹೊಲಿದು ತೊಡಿಸಿದ. ಕೊರಳಿನ ಪಟ್ಟಿ ಕಳಚಿದ್ದೇ ದೊರೆ ಹೊಟ್ಟೆ ತುಂಬ ಉಂಡು ಮಲಗಿತು.

ಹತ್ತು ದಿನದ ಮೇಲೆ ಗಾಯ ತೋರಿಸಲು ಹೋದಾಗ ಡಾಕ್ಟರಮ್ಮ ಗಾಯಕ್ಕಿಂತ ಹೆಚ್ಚು ಹೊತ್ತು ಚಡ್ಡಿಯನ್ನೇ ನೋಡಿದರು. "ತುಂಬ ಚೆನ್ನಾಗಿದೆ ಕಣ್ರೀ. ಇಲ್ಲಿಗೆ ಬರೋ ನಾಯಿಗಳಿಗೂ ಒಂದಾರು ಹೊಲ್ದು ಕೊಡ್ತೀರಾ?"

ಟೈಲರ್ ಎದೆಯುಬ್ಬಿಸಿ ಪೆನ್ಸಿಲ್ ತೆಗೆದ. ಅಭ್ಯಾಸಬಲದಿಂದ ಗಂಭೀರವಾಗಿಯೇ ಕೇಳಿದ:

"ಜೇಬು ಒಂದಾ, ಎರಡಾ ಮೇಡಂ?"