ಅಮ್ಮನ ಮೂರನೆಯ ಮುದುಕಿ

ಮತ್ತೆ ಆ ಹಕ್ಕಿ, ಕೋಳಿಗಿಂತ ದಪ್ಪಗಿರುವ ಬಿಳಿಯ ಕಡಲಹಕ್ಕಿ, ಕಾರಂಜಿಯ ಕಟ್ಟೆಯ ಮೇಲೆ ನಿಂತು ಪಾರಿವಾಳದ ಹೊಟ್ಟೆ ಬಗೆಯುತ್ತಿದೆ, ಸುತ್ತ ನಿಂತವರು ಫೋನ್ ಎತ್ತಿ ಎತ್ತಿ ಫೋಟೋ ತೆಗೆಯುತ್ತಿದ್ದಾರೆ, ಥೂ, ಇದನ್ನು ನೋಡಲಿಕ್ಕಾ ನಾನು ವಿಮಾನ ಹತ್ತಿದ್ದು, ನಮ್ಮೂರು ಚಿಯಾತುರಾದಲ್ಲಿ ಗಣಿಯ ಕರಿ ಧೂಳಾದರೂ ಧೂಳಿನ ಹಾಗೇ ಇರುತ್ತದೆ, ಇಲ್ಲಿ ಅಮೃತಶಿಲೆಯ ದೇವತೆಗಳ ಪಾದದ ಬುಡದಲ್ಲೇ ಉಚ್ಚೆ ವಾಸನೆ, ಅದರ ಮೇಲೆ ಸುಟ್ಟ ಬೆಣ್ಣೆಯ ವಾಸನೆ, ಬೆವರಿದ ಕಂಕುಳುಗಳು, ಐಸ್‌ಕ್ರೀಮ್ ಸುರಿದು ಅಂಟಂಟಾದ ಕಲ್ಲು, ಚಪ್ಪಲಿ ಪಚಪಚ ಅನ್ನುತ್ತದೆ. ಅಮ್ಮ ಮುಂದೆ ಗಾಲಿಕುರ್ಚಿ ತಳ್ಳಿಕೊಂಡು ದಿಬ್ಬ ಹತ್ತುತ್ತಿದ್ದಾಳೆ. ಕುರ್ಚಿಯಲ್ಲಿ ಸಿನ್ಯೋರಾ ಎರ್ಸೀಲಿಯಾ, ತೊಂಬತ್ತೊಂದು ವರ್ಷ, ಅಮ್ಮ ನೋಡಿಕೊಳ್ಳುವ ಮುದುಕಿ, ಈ ಬಿಸಿಲಲ್ಲೂ ಕಾಲಿಗೆ ಉಣ್ಣೆಯ ಹೊದಿಕೆ. ಬಾರೇ ದಾರೋ, ಏನು ಅಲ್ಲೇ ನಿಂತ್ಬಿಟ್ಟೆ, ಮೇಲಿಂದ ಇಡೀ ಊರು ಕಾಣುತ್ತೆ, ನೋನ್ನಾಗೂ ಇಲ್ಲಿ ಬರೋದಂದ್ರೆ ಇಷ್ಟ. ನೋನ್ನಾ ಅಂತೆ, ಅಜ್ಜಿಯಂತೆ, ನನ್ನ ನಿಜವಾದ ಅಜ್ಜಿ ಊರಲ್ಲಿ ಕಿಟಕಿ ಬಿಟ್ಟು ಕದಲದೆ ಕೂತಿದ್ದಾಳೆ, ಮೊಮ್ಮಗಳು ಬುಧವಾರ ಸೊಸೆಯನ್ನು ಕರೆತರುತ್ತಾಳೆ ಎಂದು. ಒಂಬತ್ತು ವರ್ಷವಾದ ಮೇಲೆ ಅಮ್ಮನ ಜೊತೆ ಇಡೀ ದಿನ ಸಿಕ್ಕಿದ್ದು ಈ ಒಂದು ಭಾನುವಾರ, ಅದಕ್ಕೂ ಈ ಮುದುಕಿಯ ಪಾಲು, ಅವಳ ಮಗಳು ಸಮುದ್ರಸ್ನಾನಕ್ಕೆ ಹೋಗಿದ್ದಾಳಂತೆ, ಹೆತ್ತ ತಾಯಿಯನ್ನು ನನ್ನ ತಾಯಿಯ ಕೈಗೆ ಹಾಕಿ.

ಅಮ್ಮ ಇಲ್ಲಿಗೆ ದುಡಿಯಲು ಬಂದಾಗ ಸಿಕ್ಕ ಮೊದಲನೆಯ ಮುದುಕಿ ಸಿನ್ಯೋರಾ ಪಿಯಾ, ನನಗಾಗ ಹದಿಮೂರು. ಫೋನಿನಲ್ಲಿ ಅಮ್ಮ, ಇವಳು ಈ ಚಳಿಗಾಲ ದಾಟಲ್ಲ ಕಣೇ, ಇವಳು ಹೋದ್ಮೇಲೆ ನಾನು ಬಂದ್ಬಿಡ್ತೀನಿ, ನಿನ್ನ ನೋವೆಲ್ಲ ನನಗಿರಲಿ ಬಂಗಾರ. ನಾನು ಓಡಿಹೋಗಿ ಗುಡ್ಡದ ಮೇಲಿನ ಚರ್ಚಿನಲ್ಲಿ ಮೇಣದ ಬತ್ತಿ ಹಚ್ಚಿದೆ, ಯಾರಿಗಮ್ಮಾ ಎಂದು ಕೇಳಿದ ಪಾದ್ರಿಗೆ ಅಮ್ಮನ ಆರೋಗ್ಯಕ್ಕೆ ಎಂದು ಹಸಿ ಸುಳ್ಳು ಹೇಳಿದೆ, ಪಿಯಾ ಬೇಗ ಸಾಯಲಿ ಎಂದು ಬೇಡಿದೆ. ಪಿಯಾ ಮೂರು ಚಳಿಗಾಲ ದಾಟಿ ಸತ್ತಳು. ಅಮ್ಮ ಬರಲಿಲ್ಲ, ಎರಡನೆಯವಳು ಸಿಕ್ಕಿದಳು, ಅವಳಿಗೂ ಬತ್ತಿ, ಅವಳೂ ಸತ್ತಳು, ಈಗ ಇವಳು. ನನ್ನ ಮೊದಲ ಮುಟ್ಟಿಗೆ ಅಮ್ಮ ಇರಲಿಲ್ಲ, ಅಪ್ಪನ ಶವ ಎತ್ತಿದಾಗ ಇರಲಿಲ್ಲ. ಕೈಯಲ್ಲಿ ಕಾಗದಪತ್ರ ಇಲ್ವಲ್ಲೇ, ಗಡಿ ದಾಟಿದ್ರೆ ಮತ್ತೆ ಒಳಗೆ ಬಿಡಲ್ಲ ಅನ್ನುತ್ತಿದ್ದಳು. ಈಗ ಕಾಗದವೆಲ್ಲ ಸರಿಯಾಗಿದೆ. ಆದರೂ ಬಂದಿಲ್ಲ. ನೆನೆಸಿಕೊಂಡರೆ ನನ್ನ ಮೇಲೇ ನನಗೆ ಹೇಸಿಗೆ, ಗೊಂಬೆ ಬೇಕೆಂದು ಬೇಡುವ ವಯಸ್ಸಿನಲ್ಲಿ ಕಂಡರಿಯದ ಹೆಂಗಸರ ಸಾವು ಬೇಡಿದವಳು.

ಗುರುವಾರ ಮಧ್ಯಾಹ್ನ ಅಮ್ಮನಿಗೆ ರಜೆ, ಇಲ್ಲಿ ಮುದುಕರನ್ನು ನೋಡಿಕೊಳ್ಳುವವರಿಗೆಲ್ಲ ಗುರುವಾರ ಮಧ್ಯಾಹ್ನವೇ ರಜೆ, ಬಸ್ಸಿನ ತುಂಬ ನಮ್ಮೂರ ಕಡೆಯ ಹೆಂಗಸರು, ಎಲ್ಲರ ಕೈಯಲ್ಲೂ ಒಂದೇ ಸಾಬೂನಿನ ವಾಸನೆ. ಚರ್ಚು ಕಂಡಾಗ ಮೂರು ಸಲ ಶಿಲುಬೆಯ ಗುರುತು ಹಾಕಿಕೊಳ್ಳುವುದು ನನಗೆ ಹುಟ್ಟಿನಿಂದ ಬಂದದ್ದು, ಊರಲ್ಲಿ ಬಸ್ ಡ್ರೈವರ್ ಕೂಡ ತಿರುವಿನಲ್ಲಿ ಸ್ಟಿಯರಿಂಗ್ ಬಿಟ್ಟು ಹಾಕಿಕೊಳ್ಳುತ್ತಾನೆ, ಬೆರಳು ಮೂರು ಜೋಡಿಸಿ ಹಣೆ, ಹೊಟ್ಟೆ, ಬಲಭುಜ, ಎಡಭುಜ. ಇಲ್ಲಿ ಇಪ್ಪತ್ತು ಹೆಜ್ಜೆಗೊಂದು ಚರ್ಚು. ಹಾಕಿಕೊಂಡೆ, ಹಾಕಿಕೊಂಡೆ, ನದಿ ಸೇರುವಷ್ಟರಲ್ಲಿ ತೋಳು ಸೋತುಹೋಯಿತು, ದೊಡ್ಡದೊಂದು ಗುಮ್ಮಟ ಕಂಡು ನಿಂತು ಭಕ್ತಿಯಿಂದ ಮೂರು ಸಲ ಮುಗಿಸಿದರೆ ಅಮ್ಮ ಹೊಟ್ಟೆ ಹಿಡಿದು ನಗುತ್ತಿದ್ದಾಳೆ, ಅಯ್ಯೋ ಪೆದ್ದೀ, ಅದು ಬ್ಯಾಂಕು ಕಣೇ, ಇಲ್ಲಿ ಹೀಗೆ ಮಾಡ್ತಾ ಹೋದ್ರೆ ಸಂಜೆಗೆ ಕೈ ಕಳಚಿ ಬೀಳುತ್ತೆ. ನೀನ್ಯಾಕೆ ಹಾಕ್ಕೊಳ್ತಿಲ್ಲಮ್ಮಾ? ಬಿಟ್ಟುಹೋಯ್ತು. ಅಷ್ಟೇ, ಛತ್ರಿ ಎಲ್ಲೋ ಬಿಟ್ಟುಬಂದವರ ಹಾಗೆ. ಆಮೇಲೆ ಒಂದು ಚರ್ಚಿನ ಒಳಗೆ ಅವಳ ಕೈ ಮೇಲೆದ್ದದ್ದು ನೋಡಿದೆ, ಎಡಭುಜದಿಂದ ಬಲಕ್ಕೆ, ನಮ್ಮ ಹಾಗಲ್ಲ, ಈ ಊರವರ ಹಾಗೆ! ಮೈ ಉರಿದುಹೋಯಿತು. ಶುಕ್ರವಾರ, ಶನಿವಾರ ಒಬ್ಬಳೇ ಅಲೆದೆ, ಎಲ್ಲವನ್ನೂ ನೋಡಿದೆ, ಒಂದೂ ತಲೆಯಲ್ಲಿಲ್ಲ, ಕುರಿಮಂದೆಯಂಥ ಸಾಲುಗಳು, ಹಿಂದೆ ಮನುಷ್ಯರನ್ನು ಸಿಂಹಗಳಿಗೆ ಹಾಕುತ್ತಿದ್ದ ಆ ಒಡಕು ಬಟ್ಟಲಿನಂಥ ಕಟ್ಟಡದ ಮುಂದೆ ಒಬ್ಬರಿಗೊಬ್ಬರು ಮುತ್ತಿಡುತ್ತ ಫೋಟೋ ತೆಗೆಸಿಕೊಳ್ಳುವ ಜೋಡಿಗಳು.

ನಿನ್ನೆ ಸಂಜೆ ಮುದುಕಿಯ ಅಡುಗೆಮನೆಯಲ್ಲಿ ಟಿಕೆಟ್ ತೆಗೆದು ಮುಂದಿಟ್ಟೆ, ಎರಡು ಸೀಟು, ಬುಧವಾರ, ನಡಿ ಅಮ್ಮಾ ಹೋಗೋಣ. ಅಮ್ಮ ಸೂಪು ತಿರುವುತ್ತಲೇ ಇದ್ದಳು. ಇವಳು ಈ ಚಳಿಗಾಲ ದಾಟಲ್ಲ ದಾರೋ. ಅದೇ ಮಾತು, ಅಕ್ಷರ ಬದಲಾಗದೆ. ಸತ್ತರೆ ನಾಲ್ಕನೆಯವಳು ಬರ್ತಾಳೆ ಅಂದೆ. ಅಷ್ಟರಲ್ಲಿ ಒಳಗಿಂದ ಮುದುಕಿ, ಲಾರಾ, ಲಾರಾ! ನನ್ನ ಅಮ್ಮನ ಹೆಸರು ಲಾಮಾರಾ, ಆ ಮನೆಯವರ ನಾಲಿಗೆಗೆ ಅಷ್ಟು ಉದ್ದ ಹಿಡಿಸುವುದಿಲ್ಲ. ಲಾರಾ ಓಡಿದಳು. ಬಾಗಿಲ ಸಂದಿಯಿಂದ ಕಂಡೆ, ಹಲ್ಲಿನ ಸೆಟ್ಟು ತೆಗೆದು, ತೊಳೆದು, ಬೆರಳಿಗೆ ಬಟ್ಟೆ ಸುತ್ತಿ ಒಸಡು ಒರೆಸಿ, ಮುದುಕಿಯ ಬೊಚ್ಚುಬಾಯಿ ಅಮ್ಮನ ಬೆರಳನ್ನು ಚೀಪುತ್ತಿದೆ, ಅಮ್ಮ ನಗುತ್ತಿದ್ದಾಳೆ.

ಈಗ ದಿಬ್ಬದ ಮೇಲೆ, ಕಲ್ಲುಬೆಂಚು, ಕೆಳಗೆ ಊರೆಲ್ಲ ಗುಮ್ಮಟಗಳು, ಮೈಮೇಲೆದ್ದ ಬೊಕ್ಕೆಗಳ ಹಾಗೆ. ಅಮ್ಮ ದ್ರಾಕ್ಷಿಯ ಪೊಟ್ಟಣ ನನ್ನ ಮಡಿಲಿಗೆ ಹಾಕಿ, ನಲ್ಲಿಯಿಂದ ನೀರು ಹಿಡ್ಕೊಂಡು ಬರ್ತೀನಿ, ನೋನ್ನಾಗೆ ಕೊಡ್ತಿರು, ಸಿಪ್ಪೆ ಸುಲಿ, ಬೀಜ ತೆಗಿ, ಎರಡು ಹೋಳು ಮಾಡು, ಇಡೀದು ಮಾತ್ರ ಬಾಯಿಗೆ ಹಾಕ್ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಸುಲಿದೆ. ಉಗುರಿಗೆಲ್ಲ ಅಂಟು. ತುಟಿ ನನ್ನ ಬೆರಳ ತುದಿಗೆ ತಾಗುತ್ತದೆ, ಬೆಚ್ಚಗೆ, ಒದ್ದೆಯಾಗಿ. ಮುದುಕಿ ಏನೋ ಹೇಳುತ್ತಾಳೆ, ಲಾರಾ ಎಂಬುದೊಂದು ತಿಳಿಯಿತು, ನನ್ನ ಕೆನ್ನೆ ಮುಟ್ಟುತ್ತಾಳೆ, ಆಮೇಲೆ ಬಾಯಿಂದ ಅರ್ಧ ಹೋಳು ತೆಗೆದು ನನ್ನ ಬಾಯ ಹತ್ತಿರ ಹಿಡಿಯುತ್ತಾಳೆ, ನೀನೂ ತಿನ್ನು ಎಂದು ಇರಬೇಕು, ಎಂಜಲು ಅವಳ ಮಣಿಕಟ್ಟಿಗೆ ಇಳಿಯುತ್ತಿದೆ, ಅವಳು ನಗುತ್ತಿದ್ದಾಳೆ, ಅಮ್ಮನಿಗೆ ಈ ನಗುವೇ ಸಾಕಾಯಿತೇ ಒಂಬತ್ತು ವರ್ಷ? ನಾಲ್ಕನೆಯದನ್ನು ಸುಲಿಯಲಿಲ್ಲ. ಮರೆತೆನೋ. ಬಾಯಿಗೆ ಹಾಕಿದೆ. ನಗು ನಿಂತಿತು, ಕಣ್ಣು ದೊಡ್ಡವಾದವು, ಸದ್ದಿಲ್ಲ, ಹೊದಿಕೆಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಾಳೆ, ಮುಖ ನೀಲಿ, ಬೆನ್ನಿಗೆ ಗುದ್ದು, ಗುದ್ದು ಎಂದು ನನ್ನೊಳಗೆ ಯಾರೋ ಕೂಗುತ್ತಿದ್ದಾರೆ, ನನ್ನ ಕೈ ಏಳುತ್ತದೆ, ಬೆರಳು ಮೂರೂ ಜೋಡಿಕೊಳ್ಳುತ್ತವೆ, ಹಣೆ, ಹೊಟ್ಟೆ, ಬಲಭುಜ, ಎಡಭುಜ, ಶವ ಕಂಡಾಗ ಹಾಕಿಕೊಳ್ಳುತ್ತೇವಲ್ಲ ಹಾಗೆ, ಇನ್ನೂ ಉಸಿರಿರುವವಳ ಮುಂದೆ, ಒಂದು, ಎರಡು, ಮೂರನೆಯದನ್ನೂ ಪೂರ್ತಿ ಮುಗಿಸಿದೆ, ಆಗ ಬಾಟಲಿ ನೆಲಕ್ಕೆ ಬಿದ್ದ ಸದ್ದು.

ಅಮ್ಮ ಮುದುಕಿಯನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿದಳು, ಮತ್ತೆ ಗುದ್ದಿದಳು, ಬಾಯೊಳಗೆ ಬೆರಳು ಹಾಕಿ ಎಳೆದಳು. ಕೆಮ್ಮು, ಉಸಿರು, ಅಳು. ನಿನ್ನ ನೋವೆಲ್ಲ ನನಗಿರಲಿ ಬಂಗಾರ, ನನಗಿರಲಿ, ನನಗಿರಲಿ, ನಮ್ಮ ಭಾಷೆಯಲ್ಲಿ, ಮುದುಕಿಯ ತಲೆಯನ್ನು ಎದೆಗೊತ್ತಿಕೊಂಡು. ಮರೆತುಹೋಯ್ತಮ್ಮಾ ಅಂದೆ. ಅಮ್ಮ ತಲೆಯೆತ್ತಿದಳು. ನೋಡಿದೆ ಕಣೇ ನಿನ್ನ ಕೈನ, ನಲ್ಲಿ ಹತ್ರದಿಂದ್ಲೇ ನೋಡಿದೆ, ಮೂರು ಸಲ. ಬೈಯಲಿಲ್ಲ, ದನಿ ಏರಿಸಲಿಲ್ಲ. ಬುಧವಾರ ನೀನೊಬ್ಬಳೇ ಹೋಗು. ಬೈದಿದ್ದರೆ ಅಳಬಹುದಿತ್ತು. ಅವಳ ಬಲಗೈ ನನ್ನ ಮುಂದೆ ತೆರೆದಿದೆ, ಅಂಗೈ ನಡುವೆ ದ್ರಾಕ್ಷಿ, ಒದ್ದೆ, ದುಂಡಗೆ, ಸಿಪ್ಪೆ ಒಂದಿಷ್ಟೂ ಹರಿದಿಲ್ಲ, ಎಸೆದುಬಿಡಮ್ಮಾ, ಎಸೆಯುತ್ತಿಲ್ಲ, ಮುದುಕಿಯ ಬೆನ್ನನ್ನು ಎಡಗೈಯಲ್ಲಿ ನೀವುತ್ತ ಬಲಗೈಯನ್ನು ಹಾಗೇ ಚಾಚಿಕೊಂಡಿದ್ದಾಳೆ, ಅಂಗೈ ನಡುವೆ ದ್ರಾಕ್ಷಿ, ಇಡೀ ದ್ರಾಕ್ಷಿ, ತೊಟ್ಟು ಕಿತ್ತ ಜಾಗವೂ ಕಾಣುತ್ತಿದೆ, ದ್ರಾಕ್ಷಿ,