ಹಳದಿ ದೋಣಿಯ ಮಾತು

"ನೋಡು, ಬೇಜಾರು ಮಾಡ್ಕೋಬೇಡ," ಎಂದು ಅವನು ನೀರಿಗೆ ಹೇಳಿದ. ಹೇಳಿದವನು ತಾನೇ ತಲೆ ಅಲ್ಲಾಡಿಸಿದ. "ಛೆ! ಮೊದಲ ಮಾತೇ ಕೆಟ್ಟಿತು. ಬೇಜಾರು ಮಾಡ್ಕೋಬೇಡ ಅಂದ ಕೂಡ್ಲೇ ಬೇಜಾರಿನ ವಿಷಯ ಬರ್ತಿದೆ ಅಂತ ಗೊತ್ತಾಗಿಬಿಡುತ್ತೆ."

ಒಬ್ಬರೇ ಕೂತು ಹುಟ್ಟು ಹಾಕುವ ಪುಟ್ಟ ಹಳದಿ ಕಯಾಕ್ ಅಲೆಯ ಮೇಲೆ ಸುಮ್ಮನೆ ಏಳುತ್ತ ಇಳಿಯುತ್ತ ಇತ್ತು. ಬಿಸಿಲಿನ್ನೂ ಚುರುಕಾಗಿರಲಿಲ್ಲ. ಗಾಳದ ದಾರ ನೀರಿನೊಳಗೆ ನೆಟ್ಟಗೆ ಇಳಿದಿತ್ತು. ಅದರ ಕಡೆ ಯಾವ ಮೀನೂ ತಲೆ ಹಾಕಿದಂತಿರಲಿಲ್ಲ. ದಡ ದೂರದಲ್ಲಿ ಬೂದು ಗೆರೆಯಾಗಿ ಕಾಣುತ್ತಿತ್ತು. ಆ ಗೆರೆಯ ಮೇಲೆಲ್ಲೋ ಅವನ ಮನೆ, ಮನೆಯಲ್ಲಿ ಅವನ ಹೆಂಡತಿ. ಅವನ ಜೇಬಿನಲ್ಲಿ, ಒದ್ದೆಯಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಬೀಗದ ಕೈ. ಅದು ಆ ಮನೆಯದಲ್ಲ.

ಅವನ ಕಸುಬು ಹಲ್ಲು ಮಾಡುವುದು. ಹಲ್ಲಿನ ಡಾಕ್ಟರು ಅಚ್ಚು ತೆಗೆದು ಕಳಿಸುತ್ತಾರೆ. ಇವನು ಕಿರಿದಾದ ಲ್ಯಾಬಿನಲ್ಲಿ ದೀಪದ ಕೆಳಗೆ ಕೂತು ಒಂದೊಂದೇ ಹಲ್ಲು ಜೋಡಿಸಿ, ಉಜ್ಜಿ, ಹೊಳಪು ಕೊಟ್ಟು ಪೂರ್ತಿ ಸೆಟ್ಟು ತಯಾರು ಮಾಡುತ್ತಾನೆ. ಊರಿನ ಅರ್ಧ ಮುದುಕರು ಇವನು ಮಾಡಿದ ಹಲ್ಲಿನಿಂದಲೇ ನಗುವುದು, ಬೈಯುವುದು. ಆದರೆ ಇವನ ಬಾಯಿಂದ ಮಾತು ಹೊರಡಿಸಬೇಕೆಂದರೆ ಇಕ್ಕಳವೇ ಬೇಕು. ಹಲ್ಲಪ್ಪ ಎಂದು ಎಲ್ಲರೂ ಕರೆಯುತ್ತಿದ್ದರು; ಬೇಡವೆನ್ನಲೂ ಅವನು ಬಾಯಿ ತೆರೆದವನಲ್ಲ.

ಮನೆಯಲ್ಲಿ ಮೊದಲಿನಿಂದಲೂ ಹೀಗಿರಲಿಲ್ಲ. ಅವನ ತಾಯಿ ಹಾಸಿಗೆ ಹಿಡಿದು ಬಹಳ ವರ್ಷ ಮಲಗಿದ್ದಳು. ಆಗ ಗಂಡ ಹೆಂಡಿರಿಗೆ ಮಾತಿಗೇನೂ ಬರವಿರಲಿಲ್ಲ. ಗುಳಿಗೆ ಕೊಟ್ಟೆಯಾ, ಮಗ್ಗುಲು ತಿರುಗಿಸಿದೆಯಾ, ಗಂಜಿ ಕುಡಿದರಾ, ರಾತ್ರಿ ಕೆಮ್ಮಿದರಾ. ತಾಯಿ ತೀರಿಕೊಂಡ ಮೇಲೆ ನೋಡಿದರೆ, ಆ ಮಾತುಗಳನ್ನೆಲ್ಲ ಅವಳೇ ತನ್ನ ಜೊತೆ ಕಟ್ಟಿಕೊಂಡು ಹೋದಂತಿತ್ತು. ಇಬ್ಬರೂ ಎದುರುಬದುರು ಕೂತು ಉಣ್ಣುತ್ತಾರೆ. ಅವನು ಏನಾದರೂ ಹೇಳಿದರೆ ಹೆಂಡತಿ "ಸರಿ" ಎನ್ನುತ್ತಾಳೆ. ಸಿಟ್ಟಿಲ್ಲ, ಸೆಡವಿಲ್ಲ. ಬರೀ "ಸರಿ". ಮಾಡಬೇಕಾದ್ದನ್ನೆಲ್ಲ ಮಾಡಿ ಮುಗಿಸಿದವಳು, ಈಗ ಗಂಡನಿಂದಲೂ ಬಿಡುಗಡೆ ಬಯಸುತ್ತಿದ್ದಾಳೆ ಎಂದು ಅವನಿಗೆ ಗಟ್ಟಿಯಾಗಿ ಅನಿಸತೊಡಗಿತ್ತು. ನಿನ್ನೆ ಹೋಗಿ ಲ್ಯಾಬಿನ ಮೇಲಿನ ಖಾಲಿ ಕೋಣೆಯ ಬೀಗದ ಕೈ ಇಸಿದುಕೊಂಡು ಬಂದಿದ್ದ.

ಅದನ್ನು ಅವಳಿಗೆ ಹೇಳುವುದು ಹೇಗೆ? ಅದರ ತಾಲೀಮಿಗೇ ಈವತ್ತು ಇಷ್ಟು ದೂರ ಬಂದದ್ದು. ಮನುಷ್ಯರೆದುರು ಕಟ್ಟಿಕೊಳ್ಳುವ ಗಂಟಲು ಸಮುದ್ರದಲ್ಲಿ ಮಾತ್ರ ಸಲೀಸಾಗಿ ಬಿಚ್ಚಿಕೊಳ್ಳುತ್ತಿತ್ತು. ಇಲ್ಲಿ ಕೇಳುವವರು ಯಾರು?

ಎದೆಯ ಮೇಲೆ ಲೈಫ್ ಜಾಕೆಟ್ಟಿಗೆ ಸಿಕ್ಕಿಸಿದ ರೇಡಿಯೋ ಇತ್ತು, ಅಷ್ಟೇ. ಅದು ಹೆಂಡತಿ ತಂದುಕೊಟ್ಟದ್ದು. ಹೋದ ವರ್ಷ ಒಮ್ಮೆ ಸೆಳವಿಗೆ ಸಿಕ್ಕಿ ಕಯಾಕ್ ಎಲ್ಲೆಲ್ಲೋ ಹೋಗಿ, ಇವನು ದಡ ಮುಟ್ಟುವಾಗ ಕತ್ತಲಾಗಿತ್ತು. ಅವಳು ದೋಣಿ ಕಟ್ಟುವ ದಕ್ಕೆಯ ತುದಿಯಲ್ಲಿ ನಿಂತಿದ್ದಳು. ಏನೂ ಅನ್ನಲಿಲ್ಲ. ಮಾರನೆಯ ದಿನ ಊಟದ ಮೇಜಿನ ಮೇಲೆ ಈ ರೇಡಿಯೋ ಇತ್ತು. "ಇದನ್ನ ಬಿಟ್ಟು ನೀರಿಗೆ ಇಳೀಬೇಡಿ," ಎಂದಳು. ಆ ವರ್ಷ ಅವಳಾಡಿದ ಅತಿ ಉದ್ದದ ಮಾತು ಅದೇ ಇರಬೇಕು. ಅಂದಿನಿಂದ ಅವನು ಹೊರಡುವಾಗ ಒಮ್ಮೆ ಗುಂಡಿ ಒತ್ತಿ, "ಹಳದಿ ದೋಣಿ, ರೇಡಿಯೋ ಚೆಕ್," ಎನ್ನುವನು. ದಡದ ಮೇಲಿನ ಕಾವಲು ಕೇಂದ್ರದಾಕೆ "ಚೆನ್ನಾಗಿ ಕೇಳಿಸ್ತಿದೆ" ಎನ್ನುವಳು. ವಾಪಸು ಬರುವಾಗ, "ಹಳದಿ ದೋಣಿ, ದಡಕ್ಕೆ ಬರ್ತಿದೀನಿ." ಅಷ್ಟೇ ಅವನ ಸಂಸಾರ ಆ ರೇಡಿಯೋ ಜೊತೆ. ಉಳಿದ ಹೊತ್ತು ಅದು ದೊಡ್ಡ ದೋಣಿಗಳವರ ಹರಟೆಯನ್ನು ಗೊಣಗುತ್ತಿರುತ್ತಿತ್ತು. ಈವತ್ತು ಯಾಕೋ ಅದೂ ಇರಲಿಲ್ಲ. ಮೀನಿನ ಚೀಲದ ಪಟ್ಟಿಯನ್ನು ಎದೆಗೆ ಅಡ್ಡ ಬಿಗಿದುಕೊಂಡ ಮೇಲಿಂದ ರೇಡಿಯೋ ತೆಪ್ಪಗಿತ್ತು. ಒಳ್ಳೇದೇ ಆಯಿತು ಎಂದುಕೊಂಡ.

"ನಾನು ಲ್ಯಾಬಿನ ಮೇಲಿನ ಕೋಣೆಗೆ ಹೋಗ್ತಿದೀನಿ," ಎಂದು ಮತ್ತೆ ಶುರುಮಾಡಿದ. ಈ ಸಲ ದನಿ ಹದವಾಗಿತ್ತು. "ಜಗಳ ಅಂತಲ್ಲ. ಜಗಳ ಆಡೋಕಾದ್ರೂ ನಮ್ಮ ಹತ್ರ ಮಾತೆಲ್ಲಿದೆ? ಅಮ್ಮನ್ನ ನೀನು ನೋಡ್ಕೊಂಡ ಹಾಗೆ ಅವಳ ಹೊಟ್ಟೇಲಿ ಹುಟ್ಟಿದ ನಾನೂ ನೋಡ್ಕೊಳ್ಲಿಲ್ಲ. ಅದನ್ನ ಒಂದು ದಿನ ನಿನ್ನ ಮುಂದೆ ಹೇಳಲಿಲ್ಲ, ಅದು ನನ್ನ ತಪ್ಪು. ಆದ್ರೆ ಈಗ ನನ್ನನ್ನೂ ಒಬ್ಬ ರೋಗಿ ಹಾಗೆ ಸಾಕ್ತಾ ಇರ್ಬೇಕು ಅಂತ ಏನಿಲ್ಲ. ಹೊತ್ತಿಗೆ ಸರಿಯಾಗಿ ಅನ್ನ, ಹೊತ್ತಿಗೆ ಸರಿಯಾಗಿ ಬಿಸಿನೀರು... ಸಾಕು ನಿನಗೆ. ನಾನು ಹೋದ್ರೆ ನಿನಗೂ ನೆಮ್ಮದಿ."

ಅಲ್ಲಿಗೆ ನಿಲ್ಲಿಸಿದ. ಹೇಳಿಯಾಯಿತು, ಇಷ್ಟೇ ತಾನೇ. ಗಾಳಕ್ಕೆ ಹೊಸ ಎರೆ ಚುಚ್ಚಿ ಮತ್ತೆ ನೀರಿಗೆ ಬಿಟ್ಟು, ಬಹಳ ಹೊತ್ತು ಕಾದ. ಆಗ ದಾರ ಜಗ್ಗಿತು. ಎಳೆದು ನೋಡಿದರೆ ಅಂಗೈಯಗಲದ ಪುಟ್ಟ ಮೀನು. ಗಾಳ ಬಿಡಿಸುತ್ತಿದ್ದಾಗ, ಎಲ್ಲಿಂದಲೋ ಒಂದು ದೊಡ್ಡ ದೋಣಿ ಇವನ ಕಡೆಗೇ ಬಂದು, ಒಂದು ಸುತ್ತು ಹೊಡೆಯಿತು. ಅದರ ಮೇಲಿದ್ದವನು ಕೈಯೆತ್ತಿದ. ಇವನೂ ಮೀನು ಹಿಡಿದ ಕೈಯನ್ನೇ ಎತ್ತಿದ. ದೋಣಿ ಹೊರಟುಹೋಯಿತು.

"ಸುಳ್ಳು ಕಣೋ," ಎಂದ ಮೀನಿಗೆ. "ನೆಮ್ಮದಿಯಂತೆ ನೆಮ್ಮದಿ! ನನಗೆ ಹೋಗೋಕೆ ಮನಸ್ಸೇ ಇಲ್ಲ. ಒಂದೇ ಒಂದು ಸಲ 'ಹೋಗಬೇಡಿ' ಅನ್ನಲಿ ಅವಳು, ಬೀಗದ ಕೈ ತಂದು ಇಲ್ಲೇ ನಿಮ್ಮಪ್ಪನ ಬಾಯಿಗೆ ಹಾಕಿಬಿಡ್ತೀನಿ. ಆದ್ರೆ ಅವಳು ಅನ್ನಲ್ಲ. 'ಸರಿ' ಅಂತಾಳೆ. ಆ 'ಸರಿ' ಕೇಳೋಕೆ ಆಗದೇ ತಾನೇ ಇಲ್ಲಿ ಬಂದು ನಿನ್ನ ಹತ್ರ ಬಡ್ಕೋತಾ ಇರೋದು." ಮೀನನ್ನು ನೀರಿಗೆ ಬಿಟ್ಟ. ಕಣ್ಣು ಮಂಜಾಗಿತ್ತು; ಉಪ್ಪುನೀರು ಎರಚಿತೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ವಾಪಸು ಹೊರಡುವಾಗ ಚೀಲದ ಪಟ್ಟಿ ಸಡಿಲಿಸಿ ರೇಡಿಯೋದ ಗುಂಡಿ ಒತ್ತಿದ. ಅದು ಉಸಿರೆತ್ತಲಿಲ್ಲ. ಪರದೆ ಪೂರ್ತಿ ಕಪ್ಪಾಗಿತ್ತು. ಹೆಂಡತಿ ದಿನಾ ಚಾರ್ಜು ಮಾಡಿಯೇ ಕೊಡುತ್ತಿದ್ದಳು. ಹೀಗೆ ಎಂದೂ ಆಗಿರಲಿಲ್ಲ. ಬ್ಯಾಟರಿಗೆ ವಯಸ್ಸಾಯಿತು, ಪಾಪ, ಎಂದುಕೊಂಡು ಹುಟ್ಟು ಹಾಕತೊಡಗಿದ.

ದಕ್ಕೆಯಲ್ಲಿ ಗುಡುಗು ಎಂಬವನು ಕಾಯುತ್ತ ನಿಂತಿದ್ದ. ದೊಡ್ಡ ದೋಣಿಯ ಯಜಮಾನ. ಅವನು ಪಿಸುಗುಟ್ಟಿದರೂ ಬೀದಿಗೆಲ್ಲ ಕೇಳಿಸುತ್ತದೆಂದು ಜನ ಇಟ್ಟ ಹೆಸರು. ಈವತ್ತು ಮಾತ್ರ ಅವನು ತಲೆ ತಗ್ಗಿಸಿಕೊಂಡು, ಕಯಾಕನ್ನು ಮೇಲೆಳೆಯಲು ಕೈ ಕೊಟ್ಟು, ಸುಮ್ಮನೆ ಗಂಟಲು ಸರಿಮಾಡಿಕೊಂಡ. ಬಲೆ ಹೊಲಿಯುತ್ತ ಕೂತವರೆಲ್ಲ ಇದ್ದಕ್ಕಿದ್ದಂತೆ ತಮ್ಮ ತಮ್ಮ ಬಲೆಯಲ್ಲಿ ಮುಳುಗಿಹೋದರು.

"ಏನಣ್ಣಾ?" ಎಂದ ಹಲ್ಲಪ್ಪ.

"ಆ ರೇಡಿಯೋ ಗುಂಡಿ..." ಗುಡುಗು ಅವನ ಎದೆಯತ್ತ ಬೆರಳು ತೋರಿಸಿದ. "ಚೀಲದ ಪಟ್ಟಿ ಕೆಳಗೆ ಸಿಕ್ಕಿ ಒತ್ತಿಹೋಗಿತ್ತು ಅಂತ ಕಾಣುತ್ತೆ. ಬೆಳಗಿಂದ."

"ಒತ್ತಿಹೋದ್ರೆ ಏನಾಗುತ್ತೆ?"

"ಏನಾಗುತ್ತೆ ಅಂದ್ರೆ? ನೀವು ಆಡಿದ್ದೆಲ್ಲ ಎಲ್ಲರಿಗೂ ಕೇಳುತ್ತೆ ಮಾರಾಯ್ರೇ! ನಿಮಗೆ ಯಾರದ್ದೂ ಕೇಳಲ್ಲ. ಕೇಂದ್ರದಮ್ಮ ನಿಮ್ಮನ್ನ ಕೂಗಿ ಕೂಗಿ ಸುಸ್ತಾದ್ರು. ಆ ಹೊತ್ತಲ್ಲಿ ಯಾರಾದ್ರೂ ಮುಳುಗ್ತಿದ್ರೆ ಕಾಪಾಡಿ ಅನ್ನೋಕೂ ದಾರಿ ಇರ್ಲಿಲ್ಲ. ಇನ್ಮೇಲೆ ಪಟ್ಟಿ ಆ ಕಡೆ ಹಾಕ್ಕೊಳ್ಳಿ."

ಹಲ್ಲಪ್ಪ ಎದೆಯ ಮೇಲಿನ ರೇಡಿಯೋವನ್ನು ಅಂಗೈಯಿಂದ ಮುಚ್ಚಿದ. ನಿಂತ ನೆಲ ಬಾಯಿಬಿಡಬಾರದೇ ಎನ್ನಿಸಿತು. "ಎಲ್ಲಾ... ಕೇಳಿಸ್ತಾ?"

"ನಾನು ಸೌಂಡು ಕಮ್ಮಿ ಮಾಡಿದೆ," ಎಂದು ಗುಡುಗು ಬಾಯಿಯತ್ತ ಕೈ ತೋರಿಸಿದ. "ನೀವೇ ಮಾಡಿಕೊಟ್ಟ ಈ ಹಲ್ಲಿನಾಣೆ. ಇನ್ನೊಬ್ಬರ ಮನೆ ಮಾತು ನಮಗ್ಯಾಕೆ? ಉಳಿದೋರೂ ಹಾಗೇ ಮಾಡಿದಾರೆ ಅಂತ ತಿಳ್ಕೊಳ್ಳಿ." ಬಲೆಯವರು ಇನ್ನಷ್ಟು ಬಗ್ಗಿದರು. "ಆಮೇಲೆ ನಿಮ್ಮ ದನಿ ಪಟ್ಟಂತ ನಿಂತುಹೋಯ್ತು. ನಿಂತ ತಕ್ಷಣ ರೇಡಿಯೋದಲ್ಲಿ ಯಾರೋ ಹೆಂಗಸು 'ಹಳದಿ ದೋಣಿ ಯಾರಿಗಾದ್ರೂ ಕಾಣ್ತಿದೆಯಾ, ದಯವಿಟ್ಟು ನೋಡ್ರಪ್ಪಾ' ಅಂತ ಒಂದೇ ಸಮ ಕೇಳ್ತಿದ್ರು. ಕೇಂದ್ರಕ್ಕೆ ಹೊಸಬರು ಯಾರೋ ಸೇರಿರಬೇಕು, ಮಾತಾಡೋ ಕ್ರಮವೇ ಗೊತ್ತಿಲ್ಲ. ನಾನೇ ಹೋಗಿ ನೋಡಿ, ಇದಾರೆ, ಮೀನು ಬಿಡಿಸ್ತಾ ಕೂತಿದಾರೆ ಅಂದೆ. ಸುಮ್ಮನಾದ್ರು."

ಹಲ್ಲಪ್ಪನಿಗೆ ಅದೊಂದೂ ತಲೆಗೆ ಹೋಗಲಿಲ್ಲ. ಊರಿಗೆಲ್ಲ ಕೇಳಿಸಿತು, ಸರಿ, ಮಾನ ಹೋಯಿತು, ಹೋಗಲಿ. ಅವಳಿಗೊಬ್ಬಳಿಗೆ ಕೇಳಿಸಲಿಲ್ಲವಲ್ಲ! ಅವಳ ಹತ್ತಿರ ರೇಡಿಯೋ ಎಲ್ಲಿಂದ ಬರಬೇಕು? ಹೋದ ಜೀವ ಬಂದಂತಾಯಿತು. ಆದರೆ ಸಂಜೆಯೊಳಗೆ ಯಾರಾದರೂ ಅವಳ ಕಿವಿಗೆ ಹಾಕದೆ ಬಿಡುತ್ತಾರೆಯೇ? ಅದಕ್ಕೆ ಮುಂಚೆ ತಾನೇ ಹೇಳಬೇಕು. ದಾರಿಯುದ್ದಕ್ಕೂ "ನಾನು ಲ್ಯಾಬಿನ ಮೇಲಿನ ಕೋಣೆಗೆ" ಎಂದು ಶುರುಮಾಡುತ್ತ, ಪ್ರತಿ ಸಲವೂ "ಕೋಣೆಗೆ" ಎಂಬಲ್ಲಿ ನಿಲ್ಲುತ್ತ, ಮೆಟ್ಟಿಲು ಹತ್ತಿದ.

ಯಾವಾಗಲೂ ಅವನು ಬಾಗಿಲು ತೆರೆಯುವ ಹೊತ್ತಿಗೆ ಸ್ನಾನಕ್ಕೆ ನೀರು ಹಬೆಯಾಡುತ್ತಿರುತ್ತಿತ್ತು. ಒಂದು ದಿನ ಬೇಗ ಬರಲಿ, ಒಂದು ದಿನ ತಡವಾಗಿ ಬರಲಿ, ನೀರು ಆಗಷ್ಟೇ ಕಾದಿರುತ್ತಿತ್ತು. ಅದು ಹೇಗೆಂದು ಅವನು ಯಾವತ್ತೂ ಯೋಚಿಸಿದವನಲ್ಲ. ಈವತ್ತು ಒಲೆ ತಣ್ಣಗಿತ್ತು. ಪಾತ್ರೆ ಖಾಲಿಯಾಗಿ ಪಕ್ಕದಲ್ಲಿತ್ತು. ಅವಳು ಅಡುಗೆಮನೆಯ ಕಿಟಕಿಯ ಹತ್ತಿರ ನಿಂತಿದ್ದಳು. ಆ ಕಿಟಕಿಯಿಂದ ಎರಡು ಚಾವಣಿಗಳ ನಡುವೆ ಸಮುದ್ರದ ಒಂದು ತುಂಡು ಕಾಣುತ್ತದೆ.

"ಬ್ಯಾಟರಿ ಮುಗೀತಾ?" ಎಂದು ಕೇಳಿದಳು, ತಿರುಗದೆ.

"ಹ್ಞೂಂ," ಎಂದ. ಎಂದಮೇಲೆ, ಇದು ಇವಳಿಗೆ ಹೇಗೆ ಗೊತ್ತು ಎಂದು ಹೊಳೆಯಿತು. ಆಗಲೇ ಅವನ ಕಿವಿಗೆ ಬಿತ್ತು, ಹಿಟ್ಟಿನ ಡಬ್ಬಿಗಳ ಸಂದಿಯಿಂದ ಒಂದು ಗೊಣಗು. ಪಕ್ಕಕ್ಕೆ ಸರಿಸಿ ನೋಡಿದ. ಅವನದರಂಥದ್ದೇ ಇನ್ನೊಂದು ರೇಡಿಯೋ. ಹಸಿರು ದೀಪ ಉರಿಯುತ್ತಿತ್ತು. ಗುಂಡಿಯ ಮೇಲೆ ಹಿಟ್ಟಿನ ಬೆರಳಚ್ಚು ಹಸಿಯಾಗಿತ್ತು.

"ಅಂಗಡಿಯವನು ಜೋಡಿ ಅಂದ. ಎರಡೂ ತಗೊಂಡೆ," ಎಂದಳು ಅವಳು. "ಹೋಗೋವಾಗ ಒಂದು ಮಾತು ಆಡ್ತೀರಿ, ಬರೋವಾಗ ಒಂದು ಮಾತು ಆಡ್ತೀರಿ. ಮನೇಲಿ ಅಷ್ಟೂ ಇಲ್ವಲ್ಲ. ಬರ್ತಿದೀನಿ ಅಂದ ಕೂಡ್ಲೇ ನೀರಿಡ್ತಿದ್ದೆ."

ದಕ್ಕೆಯಲ್ಲಿ ಗುಡುಗು ಹೇಳಿದ್ದ ಹೊಸಬಳು ಯಾರೆಂದು ಈಗ ತಿಳಿಯಿತು. "ಅಂದ್ರೆ... ನೀನೇ ಕೂಗಿದ್ದಾ?"

"ಇನ್ನೇನು ಮಾಡ್ಲಿ?" ಅವಳು ತಿರುಗಿದಳು. ಅತ್ತು ಅತ್ತು ಮುಖ ಊದಿಕೊಂಡಿತ್ತು. "ನಟ್ಟನಡು ಸಮುದ್ರದಲ್ಲಿ ಕೂತ್ಕೊಂಡು 'ನಾನು ಹೋದ್ರೆ ನಿನಗೂ ನೆಮ್ಮದಿ' ಅಂದ್ರಿ. ಆಮೇಲೆ ಏನೂ ಇಲ್ಲ! ಒಂದು ಸದ್ದಿಲ್ಲ! ನನ್ನ ಜೀವ ಬಾಯಿಗೆ ಬಂತು ಕಣ್ರೀ. ಕೋಣೆಗೆ ಹೋಗೋ ಮಾತೋ, ಇನ್ನೆಲ್ಲಿಗೆ ಹೋಗೋ ಮಾತೋ ಅಂತ ಯಾರನ್ನ ಕೇಳ್ಲಿ?"

ಅವನು ಜೇಬಿಗೆ ಕೈ ಹಾಕಿ, ಪ್ಲಾಸ್ಟಿಕ್ಕಿನ ಸಮೇತ ಬೀಗದ ಕೈಯನ್ನು ಮೇಜಿನ ಮೇಲಿಟ್ಟ. ಅವಳು ಅದನ್ನು ನೋಡಿದಳು. "ಸರಿ" ಎನ್ನುತ್ತಾಳೆಂದು ಅವನು ಉಸಿರು ಹಿಡಿದು ನಿಂತ. ಅವಳು ಅನ್ನಲಿಲ್ಲ.

"ಅಲ್ಲಿಗೇ ಮುಗೀತಾ?" ಎಂದು ಕೇಳಿದಳು. "ನೆಮ್ಮದಿ ಅಂದ ಮೇಲೆ ಇನ್ನೇನೂ ಅನ್ಲಿಲ್ವಾ?"

"ಅಂದೆ."

"ಏನು?"

ಅವನು ಅವಳ ಮುಖ ನೋಡಲಾರದೆ ಕಿಟಕಿಯಾಚೆಯ ಆ ಸಮುದ್ರದ ತುಂಡಿನ ಕಡೆಗೆ ತಿರುಗಿ, "ಸುಳ್ಳು ಅಂದೆ," ಎಂದ.

"ಯಾರಿಗೆ?"

"ಮೀನಿಗೆ."

ಅವಳ ಮೂಗಿನಿಂದ ನಗುವೋ ಅಳುವೋ ಒಂದು ಸದ್ದು ಹೊರಟಿತು. ಪಾತ್ರೆಗೆ ನೀರು ಹಿಡಿದು ಒಲೆಯ ಮೇಲಿಟ್ಟಳು, ಬೆಂಕಿ ಹೊತ್ತಿಸಿದಳು, ಕುರ್ಚಿಯನ್ನು ಅವನ ಕಡೆ ಎಳೆದಳು. "ನೀರು ಕಾಯೋಕೆ ಹೊತ್ತಾಗುತ್ತೆ. ಕೂತ್ಕೊಂಡು ಹೇಳಿ. ಮೀನಿಗೆ ಹೇಳಿದ್ದಷ್ಟೂ ಹೇಳಿ."

ಡಬ್ಬಿಗಳ ಸಂದಿಯಿಂದ ಗುಡುಗಿನ ದನಿ, ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆಂದು ಯಾರಿಗೋ ಕೂಗಿ ಹೇಳತೊಡಗಿತು. ಅವಳು ಕೈ ಚಾಚಿ ರೇಡಿಯೋ ಆರಿಸಿದಳು.